ಬ್ರಷ್ಷು, ಡ್ರೈಯರ್ರು ಮತ್ತು ನನ್ನ ಮುಂದಲೆ ಕೂದಲು

ಒಂದು ಕಾಲದಲ್ಲಿ ನನ್ನ ತಲೆಯಲ್ಲಿ ಎರಡು ಥರದ ಕೂದಲಿತ್ತು. ಹಿಂದುಗಡೆ ಅಮ್ಮನಿಂದ ಬಂದ ಗುಂಗುರು, ಮುಂದುಗಡೆ ನಾನೇ ಮಾಡಿಕೊಂಡ ನೇರ. ತಲೆಗೆ ನೀರು ಬಿದ್ದರೆ ಹಿಂದಿನದು ಸ್ಪ್ರಿಂಗಿನ ಹಾಗೆ ಸುತ್ತಿಕೊಳ್ಳುತ್ತಿತ್ತು. ಹಣೆ ಮೇಲಿನದು ಮಾತ್ರ ನೆನೆದ ನೂಲಿನ ಹಾಗೆ ಜೋತು ಬೀಳುತ್ತಿತ್ತು. ಅದಕ್ಕೆ ಯಾವ ಕೆಮಿಕಲ್ಲೂ ಹಾಕಿರಲಿಲ್ಲ. ಬರೀ ಬ್ರಷ್ಷು, ಡ್ರೈಯರ್ರು.

ನಾನು ಹಾಸನದ ಕಡೆಯವಳು. ಬೆಂಗಳೂರಿನ ಕಮ್ಮನಹಳ್ಳಿ ಹತ್ತಿರ ಹನ್ನೊಂದು ವರ್ಷದಿಂದ ಸಣ್ಣದೊಂದು ಪಾರ್ಲರ್ ನಡೆಸುತ್ತಿದ್ದೇನೆ. ಎರಡು ಕುರ್ಚಿ, ಒಂದು ಬೇಸಿನ್. ಶುರುವಿನಲ್ಲಿ, ಪಾರ್ಲರ್‌ನವಳ ತಲೆಯೇ ಕೆದರಿಕೊಂಡಿದ್ದರೆ ಯಾರು ಒಳಗೆ ಬರುತ್ತಾರೆ ಅಂತ ದಿನ ಬಿಟ್ಟು ದಿನ ಮುಂದಲೆಯನ್ನು ಬ್ರಷ್ಷಿನಲ್ಲಿ ಎಳೆದು, ಡ್ರೈಯರ್‌ನಲ್ಲಿ ಒಣಗಿಸಿ ಬ್ಲೋ ಡ್ರೈ ಮಾಡಿಕೊಳ್ಳುತ್ತಿದ್ದೆ. ಹಿಂದಿನದನ್ನು ಗಂಟು ಕಟ್ಟಿಬಿಟ್ಟರೆ ಯಾರಿಗೂ ಕಾಣುತ್ತಿರಲಿಲ್ಲ. ಸುಮಾರು ಎಂಟು ತಿಂಗಳು ಹೀಗೇ ನಡೆಯಿತು. ಊರಿಗೆ ಹೋದಾಗ ಎಣ್ಣೆ ಹಚ್ಚುತ್ತಾ ಅಮ್ಮ ಕೇಳಿದಳು, "ಏನೇ ಇದು, ಮುಂದಿನ ಕೂದಲು ಸತ್ತುಹೋಗಿದೆಯಲ್ಲೇ?" ಆವಾಗಲೇ ನನಗೂ ಕಂಡಿದ್ದು.

"ಬ್ಲೋ ಡ್ರೈ ಮಾಡಿಸಿದ್ರೆ ಕೂದಲು ಹಾಳಾಗುತ್ತಾ ಅಕ್ಕಾ?" ಅಂತ ವಾರಕ್ಕೆ ನಾಲ್ಕು ಜನ ಕೇಳುತ್ತಾರೆ. ಯಾರ ಕೂದಲು, ಅದಕ್ಕೆ ಮುಂಚೆ ಏನು ಹಾಕಿಸಿದ್ದೀರಿ, ಎಷ್ಟು ದಿನಕ್ಕೊಮ್ಮೆ ಅಂತ ನಾನೇ ವಾಪಸ್ ಕೇಳುತ್ತೇನೆ.

ಬ್ಲೋ ಡ್ರೈ ಕೆಲಸ ಮಾಡುವುದು ಬಟ್ಟೆಗೆ ನೀರು ಚಿಮುಕಿಸಿ ಇಸ್ತ್ರಿ ಹಾಕಿದ ಹಾಗೆ. ಕೂದಲು ನೆನೆದಾಗ ಅದರ ಆಕಾರ ಹಿಡಿದಿಡುವ ಒಳಗಿನ ಹೈಡ್ರೋಜನ್ ಬಂಧಗಳು ಬಿಚ್ಚಿಕೊಳ್ಳುತ್ತವೆ. ಆಗ ಎಳೆದು ಹಿಡಿದು ಒಣಗಿಸಿದರೆ ಕೂದಲು ನೇರವಾಗಿ ಕೂರುತ್ತದೆ. ಮತ್ತೆ ನೀರು ಬಿದ್ದರೆ, ಜುಲೈ ತಿಂಗಳ ಥಂಡಿ ಗಾಳಿ ಬಡಿದರೂ ಸಾಕು, ಮೊದಲಿನ ಹಾಗಾಗುತ್ತದೆ. ಅಷ್ಟೇ ಆದರೆ ಏನೂ ತೊಂದರೆ ಇಲ್ಲ. ಆದರೆ ಇಸ್ತ್ರಿ ಪೆಟ್ಟಿಗೆಯನ್ನು ಒಂದೇ ಕಡೆ ಒತ್ತಿ ಇಟ್ಟರೆ ಏನಾಗುತ್ತೆ ಗೊತ್ತಲ್ವಾ? ಕೂದಲೂ ಪ್ರೋಟೀನೇ. ಬೆಂದು ಹೋದದ್ದು ನೀರು ಹಾಕಿದರೆ ವಾಪಸ್ ಬರುವುದಿಲ್ಲ. ನನ್ನ ಮುಂದಲೆಗೆ ಆಗಿದ್ದು ಅದೇ.

2011ರಲ್ಲಿ ಪ್ರಕಟವಾದ ಕೊರಿಯಾದ ಒಂದು ಅಧ್ಯಯನದ ಲೆಕ್ಕ ನನ್ನ ಕನ್ನಡಿ ಪಕ್ಕ ಚೀಟಿಯಲ್ಲಿ ಬರೆದು ಅಂಟಿಸಿದ್ದೇನೆ. ಡ್ರೈಯರ್ 15 ಸೆಂಟಿಮೀಟರ್ ದೂರ ಇದ್ದರೆ ಕೂದಲಿಗೆ ತಾಗುವ ಬಿಸಿ 47 ಡಿಗ್ರಿ ಸೆಲ್ಸಿಯಸ್, 10ಕ್ಕೆ ಬಂದರೆ 61, 5ಕ್ಕೆ ಬಂದರೆ 95. ದೂರದಲ್ಲಿ ಹಿಡಿದು ಕೈ ಆಡಿಸುತ್ತಲೇ ಇದ್ದರೆ, ಹಾಗೇ ಒಣಗಲು ಬಿಟ್ಟ ಕೂದಲಿಗಿಂತ ಕಡಿಮೆ ಹಾನಿ ಅಂತ ಅವರು ಹೇಳಿದ್ದಾರೆ. ಇದನ್ನು ಓದಿ ಕೆಲವರಿಗೆ ಭಾರಿ ಧೈರ್ಯ ಬಂದುಬಿಡುತ್ತದೆ. ಆದರೆ ಪಾರ್ಲರ್‌ನಲ್ಲಿ ನಾವು ಡ್ರೈಯರ್ ಹಿಡಿಯುವುದು ಎಲ್ಲಿ? ನಾಝಲ್, ಅಂದರೆ ಡ್ರೈಯರ್ ಮೂತಿ, ಬ್ರಷ್ಷಿಗೆ ತಾಗುವ ಹಾಗೆ. ಅದರ ಮೇಲೆ ಎಳೆತ ಬೇರೆ. ಬ್ರಷ್ಷಿನ ನಡುವೆ ಲೋಹದ ಉರುಳೆ ಇದ್ದರೆ ಅದೂ ಕಾಯುತ್ತದೆ. ಕೂದಲಿಗೆ ಎರಡೂ ಕಡೆಯಿಂದ ಬಿಸಿ.

ಎಳೆತದ ವಿಷಯ ಕಲಿಸಿದ್ದು ನೈಜೀರಿಯಾದ ಒಬ್ಬ ಹುಡುಗಿ. ನಮ್ಮ ಕಮ್ಮನಹಳ್ಳಿ, ಕೊತ್ತನೂರು, ಹೆಣ್ಣೂರು ಕಡೆ ಆಫ್ರಿಕಾ ದೇಶಗಳಿಂದ ಓದಲು ಬಂದವರು ಸುಮಾರು ಜನ ಇದ್ದಾರೆ. ಇವಳು ನರ್ಸಿಂಗ್ ಓದುತ್ತಿದ್ದಳು. ಎಂಟು-ಹತ್ತು ವಾರಕ್ಕೊಮ್ಮೆ ರೂಮಿನಲ್ಲೇ ಗೆಳತಿಯ ಕೈಲಿ ರಿಲ್ಯಾಕ್ಸರ್, ಅಂದರೆ ಸುರುಳಿ ಕೂದಲನ್ನು ನೇರ ಮಾಡುವ ಕ್ರೀಮ್, ಹಾಕಿಸಿಕೊಳ್ಳುತ್ತಿದ್ದಳು. ಫೋನಿನಲ್ಲಿ ವಿಡಿಯೋ ತೋರಿಸಿ, "ಆಂಟಿ, ಡೊಮಿನಿಕನ್ ಬ್ಲೋಔಟ್ ಮಾಡ್ತೀರಾ?" ಅಂದಳು. ನ್ಯೂಯಾರ್ಕಿನಲ್ಲಿ ಡೊಮಿನಿಕನ್ ಹೆಂಗಸರ ಸಲೂನ್‌ಗಳಲ್ಲಿ ಹೆಸರಾದ ಪದ್ಧತಿ ಅದು. ಮೊದಲು ದಪ್ಪ ರೋಲರ್ ಸುತ್ತಿ, ತಲೆ ಮೇಲೆ ಟೋಪಿಯ ಹಾಗೆ ಮುಚ್ಚುವ ಹುಡ್ ಡ್ರೈಯರ್ ಕೆಳಗೆ ಕೂರಿಸುತ್ತಾರೆ. ಆಮೇಲೆ ರೌಂಡ್ ಬ್ರಷ್ಷಿನಲ್ಲಿ ಬುಡದಿಂದ ಎಳೆದು ಜೋರು ಬಿಸಿಯಲ್ಲಿ ನೇರ ಮಾಡುತ್ತಾರೆ. ನನ್ನ ಹತ್ತಿರ ಹುಡ್ ಡ್ರೈಯರ್ ಇರಲಿಲ್ಲ. ರೋಲರ್ ಬಿಟ್ಟು ನೇರ ಬ್ರಷ್ಷಿಗೇ ಇಳಿದೆ. ಅದೇ ತಪ್ಪು.

ಮುಕ್ಕಾಲು ಒದ್ದೆ ಕೂದಲು. ಬುಡದಲ್ಲಿ ಎರಡು ಬೆರಳಷ್ಟು ಹೊಸ ಗ್ರೋತ್, ಬಿಗಿಯಾದ ಸುರುಳಿ. ಅದರ ಕೆಳಗೆ ರಿಲ್ಯಾಕ್ಸರ್ ಹಾಕಿದ ನೇರ ಕೂದಲು. ಬ್ರಷ್ ಬುಡದಲ್ಲಿ ಸಿಕ್ಕಿಕೊಂಡಿತು. ನಾನು ಎಳೆದೆ. ಟಪ್ ಅಂತ ಸಣ್ಣ ಸದ್ದು, ಒಣ ಹುಲ್ಲು ಮುರಿದ ಹಾಗೆ. ಮೊದಲು ನಾಲ್ಕೈದು ಎಳೆ. ಎಡಗಡೆ ಮುಗಿಸುವಷ್ಟರಲ್ಲಿ ಬ್ರಷ್ಷಿನ ಹಲ್ಲುಗಳ ನಡುವೆ ಒಂದು ಸಣ್ಣ ಗುಡ್ಡೆಯೇ ಸೇರಿತ್ತು. ಉದುರಿದ ಕೂದಲಾದರೆ ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಗಂಟು ಇರುತ್ತದೆ. ಬಿಳಿ ಟವೆಲ್ ಮೇಲೆ ಹರಡಿ ನೋಡಿದೆ. ಒಂದರಲ್ಲೂ ಗಂಟಿಲ್ಲ. ಎಲ್ಲಾ ತುಂಡು. ಮುರಿದಿದ್ದು ಹೊಸ ಕೂದಲೂ ಹಳೆ ಕೂದಲೂ ಸೇರುವ ಜಾಗದಲ್ಲಿ. ದುಡ್ಡು ತಗೊಳ್ಳಲಿಲ್ಲ. ಅವಳು ಬೈಯಲೂ ಇಲ್ಲ, ಅದೇ ಜಾಸ್ತಿ ನೋವಾಯಿತು.

ರಿಲ್ಯಾಕ್ಸರ್ ಅಂದರೆ ನಮ್ಮ ಪಾರ್ಲರ್‌ಗಳಲ್ಲಿ ಕೆಮಿಕಲ್ ಹಾಕಿ ಕೂದಲು ನೇರ ಮಾಡುವ ರೀಬಾಂಡಿಂಗ್ ಥರಾನೇ ಅಂದುಕೊಂಡಿದ್ದೆ. ಅಲ್ಲ. ಎರಡೂ ಮುಟ್ಟುವುದು ಕೂದಲಿನ ಗಟ್ಟಿ ಬಂಧಗಳನ್ನೇ, ಗಂಧಕದ ಬಂಧಗಳನ್ನು. ನಮ್ಮಲ್ಲಿ ಥಯೋಗ್ಲೈಕೋಲೇಟ್ ಹಾಕಿ ಬಿಚ್ಚಿಸಿ, ಆಮೇಲೆ ನ್ಯೂಟ್ರಲೈಸರ್ ಹಾಕಿ ಮತ್ತೆ ಜೋಡಿಸುತ್ತೇವೆ. ಅವರದು ಸೋಡಿಯಂ ಹೈಡ್ರಾಕ್ಸೈಡ್ ಅಥವಾ ಗ್ವಾನಿಡೀನ್ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಜಾತಿಯದ್ದು. ಅದು ಆ ಬಂಧವನ್ನೇ ಬೇರೆಯಾಗಿ ಬದಲಿಸಿಬಿಡುತ್ತದೆ. ಹಿಂದಿರುಗುವ ದಾರಿ ಇಲ್ಲ. ಅದಕ್ಕೇ ರಿಲ್ಯಾಕ್ಸರ್ ಹಾಕಿದ ಕೂದಲಿನ ಮೇಲೆ ರೀಬಾಂಡಿಂಗ್ ಮಾಡಿ ಅಂತ ಯಾರೇ ಕೇಳಿದರೂ ನಾನು ಆಗಲ್ಲ ಅಂತೀನಿ. ಎರಡು ಕ್ರೀಮ್ ಒಂದರ ಮೇಲೊಂದು ಬಿದ್ದರೆ ಕೂದಲು ಕೈಗೇ ಬರುತ್ತದೆ.

ಹೀಗೆ ಒಮ್ಮೆ ಬಡವಾದ ಕೂದಲಿಗೆ ಡ್ರೈಯರ್ ಬಿಸಿಗಿಂತ ಬ್ರಷ್ಷಿನ ಎಳೆತವೇ ಹೆಚ್ಚು ಭಾರ. ಅದೂ ಒದ್ದೆ ಇದ್ದಾಗ. ಒದ್ದೆ ಕೂದಲು ಹಿಗ್ಗುತ್ತೆ, ಹಿಗ್ಗುತ್ತೆ, ಆಮೇಲೆ ಕಡಿಯುತ್ತೆ. ರೀಬಾಂಡಿಂಗ್ ಮಾಡಿಸಿದವರಿಗೂ ಅಷ್ಟೇ. ಏನೂ ಹಾಕಿಸದ ಗುಂಗುರು ಕೂದಲು ಎಳೆತವನ್ನು ಸ್ವಲ್ಪ ತಡೆದುಕೊಳ್ಳುತ್ತದೆ. ಅದಕ್ಕಿರುವ ಭಯ ಬೇರೆ. ಮುರಿಯದೇ ಇರಬಹುದು, ಆದರೆ ಸುರುಳಿ ಹೋಗುತ್ತದೆ. ಎಷ್ಟೋ ಜನ ಇದನ್ನು ಲಾಭ ಅಂತಲೇ ಅಂದುಕೊಳ್ಳುತ್ತಾರೆ. "ಈಗ ಮೊದಲಿನಷ್ಟು ಗುಂಗುರು ಇಲ್ಲ ಅಕ್ಕಾ, ಸೆಟ್ ಆಗಿದೆ" ಅಂತ ಖುಷಿಪಡುತ್ತಾರೆ. ತುದಿ ಹಿಡಿದು ತೋರಿಸಿದರೆ ಪೊರಕೆ ಕಡ್ಡಿ ಥರ ಸೀಳಿರುತ್ತದೆ.

ಈಗ ನಾನು ಮಾಡುವ ರೀತಿಯೇ ಬೇರೆ. ಗುಂಗುರು ಕೂದಲಿನವರಿಗೆ ಹಿಂದಿನ ರಾತ್ರಿ ತಲೆ ಸ್ನಾನ ಮಾಡಿ, ಕಂಡೀಷನರ್ ಹಾಕಿ, ನಾಲ್ಕು ಸಡಿಲ ಜಡೆ ಹೆಣೆದು ಮಲಗಿ ಬನ್ನಿ ಅಂತೀನಿ. ಬೆಳಗ್ಗೆ ಅರ್ಧ ನೇರ ಆಗಿರುತ್ತೆ, ಬ್ರಷ್ಷಿಗೆ ಕೆಲಸ ಕಡಿಮೆ. ಸಿಕ್ಕು ಬಿಡಿಸುವುದು ಅಗಲ ಹಲ್ಲಿನ ಬಾಚಣಿಗೆಯಲ್ಲಿ, ತುದಿಯಿಂದ ಮೇಲಕ್ಕೆ. ಬೋರ್‌ವೆಲ್ ನೀರಿನ ಮನೆಯವರ ಕೂದಲು ಮೊದಲೇ ಒರಟು, ಅವರಿಗೆ ಇದಕ್ಕೇ ಅರ್ಧ ಗಂಟೆ ಬೇಕು. ಬಿಸಿಯಿಂದ ಕಾಪಾಡಲು ಹಚ್ಚುವ ಹೀಟ್ ಪ್ರೊಟೆಕ್ಟೆಂಟ್ ತುಂಬಾ ಅಲ್ಲ, ಕಡಲೆಕಾಯಿ ಬೀಜದಷ್ಟು, ಆದರೆ ಪ್ರತಿ ಸೆಕ್ಷನ್‌ಗೂ. ಮೀಡಿಯಂ ಬಿಸಿ. ನಾಝಲ್ ಬುಡದಿಂದ ತುದಿಯ ಕಡೆಗೆ ಇಳಿಯಬೇಕು, ಒಂದು ಸೆಕ್ಷನ್ ಮೇಲೆ ಎರಡು ಸಲ, ಮೂರನೆಯದು ಬೇಡ. ಹೊಗೆಯೋ ಚರ್ ಅನ್ನುವ ಸದ್ದೋ ಬಂದರೆ ಒಳಗಿನ ನೀರು ಕುದಿಯುತ್ತಿದೆ ಅಂತ ಅರ್ಥ, ತಕ್ಷಣ ನಿಲ್ಲಿಸುತ್ತೇನೆ.

ರಿಲ್ಯಾಕ್ಸರ್ ಹಾಕಿದವರಿಗೆ ರೌಂಡ್ ಬ್ರಷ್ ಮುಟ್ಟುವುದೇ ಇಲ್ಲ. ಸೆಕೆಂಡ್‌ಹ್ಯಾಂಡ್ ಹುಡ್ ಡ್ರೈಯರ್ ಒಂದು ತಂದೆ. ರೋಲರ್ ಸುತ್ತಿ ಕೂರಿಸುತ್ತೇನೆ. ಪೂರಾ ಒಣಗಿದ ಮೇಲೆ, ಅವರು ಹಠ ಮಾಡಿದರೆ, ಕಿವಿಯಿಂದ ಕೆಳಗೆ ಮಾತ್ರ ಬ್ರಷ್. ಹೊಸ ಕೂದಲು ಹಳೆಯದಕ್ಕೆ ಸೇರುವ ಜಾಗ ನನಗೆ ಲಕ್ಷ್ಮಣ ರೇಖೆ. ಕ್ರೀಮ್ ಹಾಕಿದ ವಾರ ಬಂದರೆ ವಾಪಸ್ ಕಳಿಸುತ್ತೇನೆ. ಗಿರಾಕಿ ಹೋದರೂ ಪರವಾಗಿಲ್ಲ.

ನನ್ನ ಮುಂದಲೆ? ಅದನ್ನು ಯಾವ ಸೀರಂ, ಯಾವ ಹೇರ್ ಸ್ಪಾ ಕೂಡ ಸರಿ ಮಾಡಲಿಲ್ಲ. ಕತ್ತರಿಸುವುದೊಂದೇ ದಾರಿ. ತಿಂಗಳಿಗೆ ಒಂದು ಸೆಂಟಿಮೀಟರ್‌ಗಿಂತ ಚೂರು ಜಾಸ್ತಿ ಬೆಳೆಯುತ್ತೆ ಕೂದಲು. ಎರಡು ತಿಂಗಳಿಗೊಮ್ಮೆ ತುದಿ ಕತ್ತರಿಸುತ್ತಾ ಹೋದೆ, ಪೂರ್ತಿ ಗುಂಗುರು ಬರಲು ಎರಡು ವರ್ಷದ ಹತ್ತಿರ ಹಿಡಿಯಿತು.

ಆ ನರ್ಸಿಂಗ್ ಹುಡುಗಿ ಆಮೇಲೆ ರಿಲ್ಯಾಕ್ಸರ್ ಬಿಟ್ಟಳು. ಹಳೆಯದೆಲ್ಲಾ ಕತ್ತರಿಸಿ, ತನ್ನ ಸ್ವಂತ ಕೂದಲು ಬೆಳೆಸಿದಳು. ಪದವಿ ಪ್ರದಾನಕ್ಕೆ ಒಂದೇ ಒಂದು ದಿನ ನೇರ ಬೇಕು ಅಂತ ಬಂದಾಗ ಭಯದಲ್ಲೇ ಮೂರು ಗಂಟೆ ತಗೊಂಡು ಮಾಡಿದೆ. "ನೋಡಮ್ಮಾ, ತಲೆ ತೊಳೆದ ದಿನ ನನಗೆ ತೋರಿಸಲೇಬೇಕು" ಅಂದಿದ್ದೆ. ಮುಂದಿನ ವಾರ ಒದ್ದೆ ತಲೆಯಲ್ಲೇ ಬಂದು ಕುರ್ಚಿ ಮೇಲೆ ಕೂತಳು. ಒಂದೊಂದೇ ಸೆಕ್ಷನ್ ಎತ್ತಿ ನೋಡಿದೆ. ಎಲ್ಲಾ ಸುರುಳಿಯೂ ವಾಪಸ್ ಬಂದಿತ್ತು. ಬಲಗಿವಿಯ ಹಿಂದೆ ಒಂದು ಎಳೆ ಮಾತ್ರ ಸಡಿಲವಾಗಿ ನಿಂತಿತ್ತು. ಬ್ಲೋ ಡ್ರೈ ಮಾಡಿದ ಆ ದಿನ ನನ್ನ ಅಮ್ಮನ ಫೋನ್ ಬಂದಾಗ ಡ್ರೈಯರ್ ಆಫ್ ಮಾಡದೆ ನಾನು ಮಾತಾಡುತ್ತಾ ನಿಂತಿದ್ದು ಅದೇ ಜಾಗದಲ್ಲಿ.