ಸ್ವಂತ ಟ್ರ್ಯಾಕ್ ಇಲ್ಲದ ನಮ್ಮ ರೇಸಿಂಗ್ ಕ್ಲಬ್ಬು

ಚಿಕ್ಕಮಗಳೂರಿನವರಿಗೆ ಕಾರಿನ ಹುಚ್ಚು ಹೊಸದಲ್ಲ. ರಾಷ್ಟ್ರೀಯ ಮಟ್ಟದ ರ‍್ಯಾಲಿಗಳು ನಮ್ಮ ಕಾಫಿ ತೋಟಗಳ ಮಣ್ಣು ರಸ್ತೆಯಲ್ಲೇ ನಡೆದಿವೆ. ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರ ಜಾರಿಸುವುದನ್ನು ಇಲ್ಲಿನ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಡಾಂಬರಿನ ಮೇಲಿನ ರೇಸಿಂಗ್ ಬೇರೆಯದೇ ಆಟ. ಅದಕ್ಕೆ ಊರಲ್ಲಿ ಜಾಗ ಇಲ್ಲ ಅಂತ ಕೆಲವರು ಮುಳ್ಳಯ್ಯನಗಿರಿ ರಸ್ತೆಗೋ ಚಾರ್ಮಾಡಿ ಘಾಟಿಗೋ ಹೋಗುತ್ತಾರೆ. ಎದುರಿಗೆ ಬಸ್ಸೂ ಬರುತ್ತದೆ, ದನವೂ ಬರುತ್ತದೆ. ಒಪ್ಪಿಗೆ ಇಲ್ಲದೆ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಜೈಲಿಗೂ ಹೋಗಬಹುದು. ನಾವು ಕೆಲವು ಗೆಳೆಯರು ಬೇರೆ ದಾರಿ ಹುಡುಕಿದ್ದು ಇದಕ್ಕೇ.

ಅಮೆರಿಕದ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಆಟೋಬಾನ್ ಕಂಟ್ರಿ ಕ್ಲಬ್ ಅಂತ ಇದೆ. ಗಾಲ್ಫ್ ಕ್ಲಬ್ಬಿನ ಥರವೇ ಸದಸ್ಯತ್ವ, ಆದರೆ ಹುಲ್ಲಿನ ಬದಲು ರೇಸ್ ಟ್ರ್ಯಾಕ್. ಉದ್ದ 3.56 ಮೈಲಿ, ಬೇಕಾದಾಗ ಅದನ್ನೇ ಎರಡು ಟ್ರ್ಯಾಕ್ ಮಾಡಿಕೊಳ್ಳಬಹುದು. ಸದಸ್ಯರು ಪಕ್ಕದಲ್ಲೇ ಸ್ವಂತ ಗ್ಯಾರೇಜು ಕಟ್ಟಿಕೊಂಡಿದ್ದಾರೆ. ಇದನ್ನು ಕೇಳಿದ್ದೇ ತಡ, ನಮ್ಮಲ್ಲೊಬ್ಬರು "ನನ್ನ ತೋಟದಲ್ಲೇ ಒಂದು ಟ್ರ್ಯಾಕ್ ಹಾಕಿಸೋಣ" ಅಂದರು. ಟ್ರ್ಯಾಕ್ ಅಂದರೆ ಬರೀ ಡಾಂಬರಲ್ಲ. ಕಾರು ತಪ್ಪಿದರೆ ನಿಲ್ಲೋಕೆ ತಿರುವಿನ ಆಚೆ ಖಾಲಿ ಜಾಗ ಬೇಕು. ನಮ್ಮ ಕಡೆ ತಿರುವಿನ ಆಚೆ ಇರೋದು ಸಿಲ್ವರ್ ಓಕ್ ಮರ, ಇಲ್ಲಾಂದ್ರೆ ಇಳಿಜಾರು. ಆ ಮಾತು ಅಲ್ಲಿಗೇ ನಿಂತಿತು.

ಟ್ರ್ಯಾಕ್ ಬಾಡಿಗೆಗೆ, ಕ್ಲಬ್ಬು ಮಾತ್ರ ನಮ್ಮದು ಅಂತ ತೀರ್ಮಾನ ಆಯಿತು. ಹೆಚ್ಚಾಗಿ ಹೋಗುವುದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ. ಸುಮಾರು 2.1 ಕಿ.ಮೀ. ಉದ್ದದ ಟ್ರ್ಯಾಕ್, ಕಲಿಯುವವರಿಗೆ ಸಾಕು. ಶ್ರೀಪೆರಂಬದೂರಿನ ಹತ್ತಿರದ ಚೆನ್ನೈ ಟ್ರ್ಯಾಕ್ 3.7 ಕಿ.ಮೀ., ವೇಗವೂ ಜಾಸ್ತಿ, ಅದು ಪಳಗಿದ ಮೇಲೆ. ನಮ್ಮ ಸೀಸನ್ ಜುಲೈ, ಆಗಸ್ಟ್. ಆಗ ಇಲ್ಲಿ ಮಳೆ ಹೊಡೆಯುತ್ತಿರುತ್ತದೆ, ತೋಟದಲ್ಲಿ ಕೆಲಸ ಕಡಿಮೆ. ಕೊಯಮತ್ತೂರಿಗೆ ಆ ಮಳೆ ಅಷ್ಟಾಗಿ ತಟ್ಟುವುದಿಲ್ಲ. ನವೆಂಬರಿನಲ್ಲಿ ಅಲ್ಲಿ ಮಳೆ, ಇಲ್ಲಿ ಅರೇಬಿಕಾ ಕೊಯ್ಲು, ಯಾರನ್ನು ಕರೆದರೂ ಬರುವುದಿಲ್ಲ. ಕೊಯಮತ್ತೂರಿಗೆ ಹೋಗಲು ಹಾಸನ, ಮೈಸೂರು, ಚಾಮರಾಜನಗರ ದಾಟಿ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ರಾತ್ರಿ ಅಲ್ಲಿ ವಾಹನ ಬಿಡುವುದಿಲ್ಲ, ಹಾಗಾಗಿ ಬೆಳಕಿರುವಾಗಲೇ ಇಳಿಯುವ ಲೆಕ್ಕ.

ಸದಸ್ಯರನ್ನು ಸೇರಿಸಿಕೊಳ್ಳುವುದರಲ್ಲಿ ಮಾತ್ರ ನಾವು ತುಂಬಾ ಬಿಗಿ. ಇಬ್ಬರು ಹಳೆಯ ಸದಸ್ಯರ ಶಿಫಾರಸು ಬೇಕು. ಅದಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನೊಂದಿದೆ. ಬರಬೇಕೆನ್ನುವವರ ಪಕ್ಕದ ಸೀಟಿನಲ್ಲಿ ನಮ್ಮಲ್ಲೊಬ್ಬರು ಕೂತು ಆಲ್ದೂರಿನವರೆಗೆ ಹೋಗಿ ಬರುತ್ತೇವೆ. ಮುಂದೆ ಪಿಕಪ್ ನಿಧಾನಕ್ಕೆ ಹೋಗುತ್ತಿದ್ದರೆ ಸುಮ್ನೆ ಹಿಂದೆ ಬರುತ್ತಾರಾ, ಕಾಣದ ತಿರುವಿನಲ್ಲಿ ದಾಟಲು ಕಾರನ್ನು ಹೊರಗೆ ಎಳೆಯುತ್ತಾರಾ ಅಂತ ನೋಡುತ್ತೇವೆ. ವೇಗ ಕಲಿಸಬಹುದು. ಕಾಯುವುದನ್ನು ಕಲಿಸುವುದು ಕಷ್ಟ. ಈ ಪರೀಕ್ಷೆಯಲ್ಲಿ ಒಳ್ಳೊಳ್ಳೆ ರ‍್ಯಾಲಿ ಹುಡುಗರೂ ಫೇಲಾಗಿದ್ದಾರೆ, ಮುನಿಸಿಕೊಂಡಿದ್ದಾರೆ ಕೂಡ.

ಟ್ರ್ಯಾಕಿನಲ್ಲಿ ಮೂರು ಗುಂಪು, ಒಂದೊಂದು ಗುಂಪಿಗೆ 20 ನಿಮಿಷ. ಓವರ್‌ಟೇಕ್ ನೇರ ರಸ್ತೆಯಲ್ಲಿ ಮಾತ್ರ, ಅದೂ ಮುಂದಿನವರು ಕೈ ಹೊರಗೆ ಹಾಕಿ ದಾರಿ ತೋರಿಸಿದ ಮೇಲೆ. ಬಲಗಡೆಯಿಂದ ಬಿಟ್ಟು ಬೇರೆ ಕಡೆಯಿಂದ ಇಲ್ಲ. ಹಾಗಾಗಿ ಕಿಟಕಿ ಗಾಜು ಪೂರ್ತಿ ಇಳಿಸಿಯೇ ಓಡಿಸಬೇಕು. ಹಳದಿ ಬಾವುಟ ಕಂಡರೆ ಯಾರೂ ಯಾರನ್ನೂ ದಾಟುವಂತಿಲ್ಲ, ಕೆಂಪು ಕಂಡರೆ ನಿಧಾನವಾಗಿ ಕಾರು ನಿಲ್ಲಿಸುವ ಜಾಗವಾದ ಪಿಟ್‌ಗೆ ವಾಪಸ್. ರ‍್ಯಾಲಿ ಅಭ್ಯಾಸದವರಿಗೆ ನಾವು ಪದೇ ಪದೇ ಹೇಳುವುದು ಒಂದೇ: ನೆಟ್ಟಗಿರುವಾಗ ಬ್ರೇಕ್ ಮುಗಿಸಿ, ಆಮೇಲೆ ತಿರುಗಿಸಿ. ಡಾಂಬರಿನ ಮೇಲೆ ಕಾರು ಜಾರಿದರೆ ನೋಡೋಕೆ ಚೆಂದ, ಆದರೆ ಟೈರು ಕಾದು ಹಿಡಿತ ಹೋಗುತ್ತದೆ, ಸಮಯವೂ ಹೋಗುತ್ತದೆ.

ಕಾರು ತಯಾರಿಯಲ್ಲಿ ಹೆಚ್ಚಿನವರು ಟೈರಿನ ಬಗ್ಗೆ ಯೋಚಿಸುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರುತ್ತದೆ, ಮಲೆನಾಡಿನಲ್ಲಿ ತೇವಕ್ಕೇನು ಬರ ಅಲ್ವಾ? ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಗುಳ್ಳೆ, ಒತ್ತಿದ ಪೆಡಲ್ ನೆಲ ಮುಟ್ಟುತ್ತದೆ. ಹೊರಡುವ ವಾರ ಹೊಸ ಆಯಿಲ್ ಹಾಕಿಸದವರನ್ನು ಟ್ರ್ಯಾಕಿಗೆ ಬಿಡುವುದಿಲ್ಲ. ಸ್ಟೆಪ್ನಿ, ಜ್ಯಾಕು, ನೀರಿನ ಬಾಟಲಿ ಎಲ್ಲ ಹೊರಗೆ. ವೀಲ್ ನಟ್ ಪ್ರತಿ ಸಲ ಬಿಗಿ ನೋಡಬೇಕು. ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನಕ್ಕೆ ಓಡಿಸಿ ತಣ್ಣಗಾಗಿಸಬೇಕು, ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲೇ ಬಿಡಬೇಕು.

ಇನ್ಶೂರೆನ್ಸ್ ಬಗ್ಗೆ ಹೊಸಬರಿಗೆ ಮೊದಲೇ ಹೇಳಿಬಿಡುತ್ತೇವೆ. ಸಾಮಾನ್ಯ ಪಾಲಿಸಿಯಲ್ಲಿ ರೇಸಿಂಗ್, ಸ್ಪೀಡ್ ಟೆಸ್ಟಿಂಗ್ ಎರಡೂ ಹೊರಗೆ ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ಗುದ್ದಿದರೆ ಖರ್ಚು ನಿಮ್ಮದೇ. ಅದಕ್ಕೇ ಸಾಲದ ಕಂತು ಬಾಕಿ ಇರುವ ಕಾರು ತರಬೇಡಿ ಅನ್ನುತ್ತೇವೆ, ಹಳೆಯ ಸ್ವಿಫ್ಟ್ ಆದರೂ ಸಾಕು. ದುಡ್ಡಿನ ಲೆಕ್ಕವೂ ಸರಳ: ಟ್ರ್ಯಾಕ್ ಬುಕ್ ಮಾಡುವ ಮುಂಚೆ ಎಲ್ಲರ ಪಾಲು ಕೈಗೆ ಬಂದಿರಬೇಕು. ಕೊನೇ ಗಳಿಗೆಯಲ್ಲಿ ಕೈ ಕೊಟ್ಟವರಿಗೆ ವಾಪಸ್ ಇಲ್ಲ. ಬೇಕಾದರೆ ತಮ್ಮ ಜಾಗವನ್ನು ಇನ್ನೊಬ್ಬ ಸದಸ್ಯರಿಗೆ ಕೊಡಬಹುದು, ಹೊರಗಿನ ಭಾವಮೈದುನನಿಗಲ್ಲ.