‘ಪಾಲುದಾರ’ ಅಂದರೆ ಯಾರು ಸ್ವಾಮಿ?

ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಕರಾರು ಬರೆದುಕೊಡುವುದು ನನ್ನ ಕೆಲಸ. ಅಡಿಕೆ ಮಂಡಿಗಳ ಲೆಕ್ಕ ಇಡುವ ಸೇವೆ ಅವರದು. ರೈತರ ಹೆಸರು, ಫೋನ್ ನಂಬರ್, ಬಂದ ಮೂಟೆ, ತೂಕ, ಕೊಟ್ಟ ಮುಂಗಡ, ಎಲ್ಲವೂ ಸರ್ವರ್‌ನಲ್ಲಿರುತ್ತದೆ. ಅದರಲ್ಲಿ ಒಂದಷ್ಟು ಲಾರಿಯವರಿಗೆ, ಎಸ್‌ಎಂಎಸ್ ಕಳಿಸುವವರಿಗೆ, ಸಾಲ ಕೊಡುವವರಿಗೆ ಹೋಗುತ್ತದೆ. ಮಂಡಿಗಳ ಜೊತೆಗಿನ ಕರಾರಿನಲ್ಲಿ, ಮಾಹಿತಿ ಯಾರಿಗೆ ಕೊಡಬಹುದು ಎಂಬಲ್ಲಿ ಇವರನ್ನೆಲ್ಲ ಒಂದೇ ಸಾಲಿನಲ್ಲಿ ಮುಗಿಸಿದ್ದೆ: ‘ವ್ಯವಹಾರ ಪಾಲುದಾರ ಎಂದರೆ ಕಂಪನಿಯು ಕಾಲಕಾಲಕ್ಕೆ ವ್ಯವಹಾರ ಸಂಬಂಧ ಹೊಂದಿರುವ ಯಾವುದೇ ವ್ಯಕ್ತಿ ಅಥವಾ ಸಂಸ್ಥೆ.’ ಹಳೆಯ ಕರಾರೊಂದರಿಂದ ಎತ್ತಿದ ಸಾಲು.

ಒಂದು ಬೆಳಿಗ್ಗೆ ಶಿವಮೊಗ್ಗದ ಮಂಡಿ ಸಾಹುಕಾರರೊಬ್ಬರ ಫೋನ್. ‘ಏನ್ ಸ್ವಾಮಿ, ನಮ್ಮ ರೈತರಿಗೆಲ್ಲ ಸಾಲ ಬೇಕಾ ಅಂತ ಫೋನ್ ಬರ್ತಾ ಇದೆಯಂತೆ. ನಂಬರ್ ಕೊಟ್ಟಿದ್ದು ಯಾರು?’ ಕೊಟ್ಟಿದ್ದು ನಾವೇ. ಕರಾರು ತೆರೆದರೆ ಉಲ್ಲಂಘನೆಯೇ ಕಾಣಲಿಲ್ಲ. ಆ ಸಾಲದ ಕಂಪನಿ ನನ್ನ ವ್ಯಾಖ್ಯೆಯೊಳಗೆ ಆರಾಮಾಗಿ ಕೂತಿತ್ತು. ಆಫೀಸಿಗೆ ಕಾಫಿ ತಂದುಕೊಡುವ ಹೋಟೆಲಿನವನೂ ಕೂರಬಹುದಿತ್ತು.

ತಿದ್ದಿದ ಕರಡು ಹಿಡಿದು ನಾನೇ ಮಂಡಿಗೆ ಹೋದೆ. ಸಾಹುಕಾರರು ಕನ್ನಡಕ ಏರಿಸಿ, ಆ ಪದದ ಮೇಲೆ ಬೆರಳಿಟ್ಟರು. ‘ಪಾಲುದಾರ ಅಂದ್ರೆ ಲಾಭದಲ್ಲಿ ಪಾಲಿರೋನು. ಇವರೆಲ್ಲ ನನಗೆ ಯಾವಾಗ ಪಾಲುದಾರರಾದ್ರು?’ 1932ರ ಪಾಲುದಾರಿಕೆ ಕಾಯ್ದೆಯ 4ನೇ ಕಲಮಿನ ತಿರುಳೂ ಅದೇ. ಸಾಲದ ಕಂಪನಿ ನಮಗೆ ಸಾಲವೊಂದಕ್ಕೆ ಇಷ್ಟು ಅಂತ ಕಮಿಷನ್ ಕೊಡುತ್ತಿತ್ತು ಬೇರೆ, ಅದನ್ನೇ ಲಾಭದ ಪಾಲು ಎಂದು ಯಾರಾದರೂ ವಾದಿಸಬಹುದು. ಪದವನ್ನೇ ಕಿತ್ತು ‘ಮಾಹಿತಿ ಪಡೆಯುವವರು’ ಎಂದು ಹಾಕಿದೆ. ಕರಾರಿನಿಂದ ಯಾವ ಪಾಲುದಾರಿಕೆಯೂ ಹುಟ್ಟುವುದಿಲ್ಲ ಎಂಬ ಕಲಮನ್ನೂ ಸೇರಿಸಿದೆ.

ಆಮೇಲೆ ತೂಕದ ಚೀಟಿಯೊಂದರ ಹಿಂದೆಯೇ ಗೀಟು ಎಳೆದು, ರೈತನ ನಂಬರ್ ಎಲ್ಲೆಲ್ಲಿಗೆ ಹೋಗುತ್ತದೆಂದು ಬರೆದೆವು. ಎಸ್‌ಎಂಎಸ್‌ನವರು, ಸರ್ವರ್‌ನವರು ನಾವು ಹೇಳಿದಷ್ಟನ್ನೇ ಮಾಡುವವರು. ಸಾಲದವರು ಹಾಗಲ್ಲ, ನಂಬರನ್ನು ಏತಕ್ಕೆ ಬಳಸಬೇಕೆಂದು ತಾವೇ ತೀರ್ಮಾನಿಸುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನೋಡುವುದೂ ಈ ವ್ಯತ್ಯಾಸವನ್ನೇ. ಉದ್ದೇಶ ನಿರ್ಧರಿಸುವವರು ಬೇರೆ, ಅವರ ಪರವಾಗಿ ಕೆಲಸ ಮಾಡುವವರು ಬೇರೆ. ಪರವಾಗಿ ಮಾಡುವವರು ತಪ್ಪಿದರೂ ಕಾಯ್ದೆಯ ಮುಂದೆ ಹೊಣೆ ಉದ್ದೇಶ ನಿರ್ಧರಿಸಿದವರದೇ, ಕರಾರಿನಲ್ಲಿ ಏನೇ ಬರೆದುಕೊಂಡಿರಲಿ. ಇಲ್ಲಿ ಅದು ಸಾಹುಕಾರರು. ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು ಅಂದೆ. ಅವರು ಎದ್ದು ಫ್ಯಾನ್ ಹಾಕಿದರು.

ಹಾಗಾಗಿ ಎರಡು ಗುಂಪಿಗೆ ಎರಡು ವ್ಯಾಖ್ಯೆ. ನಮ್ಮ ಸಾಫ್ಟ್‌ವೇರ್ ಮಾರಿಕೊಡುವ ಏಜೆಂಟರು ಎರಡರಲ್ಲೂ ಇಲ್ಲ, ಅವರಿಗೆ ಮಾಹಿತಿಯೂ ಇಲ್ಲ. ‘ಸಮೂಹ ಸಂಸ್ಥೆಗಳು’ ಎಂಬ ಪದಕ್ಕೂ ಜಾಗ ಕೊಡಲಿಲ್ಲ. ಅದರ ಬೆನ್ನಿಗೆ ಯಾರು ಯಾರು ನುಗ್ಗುತ್ತಾರೋ ಹೇಳಲಾಗದು. ‘ಕಾಲಕಾಲಕ್ಕೆ’ ಹೊಡೆದು ಹಾಕಿದೆ. ಎಲ್ಲರ ಹೆಸರೂ ಅನುಬಂಧದಲ್ಲಿ, ಪಕ್ಕದಲ್ಲೇ ಯಾವ ಮಾಹಿತಿ, ಏತಕ್ಕೆ, ಎಷ್ಟು ದಿನ ಎಂಬ ಕಾಲಂಗಳು. ಹೊಸ ಹೆಸರು ಸೇರಿಸಬೇಕಾದರೆ ಮಂಡಿಗೆ 15 ದಿನ ಮುಂಚೆ ಬರಹದಲ್ಲಿ ತಿಳಿಸಬೇಕು, ಅವರು ಬೇಡ ಅಂದರೆ ಬೇಡ.

ಒಂದು ಸಣ್ಣ ತಿದ್ದುಪಡಿಗೆ ಮಾತ್ರ ಎರಡು ದಿನ ಹಿಡಿಯಿತು. ‘ಪಟ್ಟಿಯಲ್ಲಿರುವವರು’ ಎಂದಷ್ಟೇ ಬರೆದರೆ, ಪಟ್ಟಿಯಿಂದ ತೆಗೆದ ದಿನವೇ ಅವರ ಹೊಣೆಯೂ ಕಳಚುತ್ತದೆ. ನಂಬರ್‌ಗಳು ಮಾತ್ರ ಅವರ ಕಂಪ್ಯೂಟರಿನಲ್ಲೇ ಇರುತ್ತವೆ. ‘ಇರುವ ಅಥವಾ ಹಿಂದೆ ಇದ್ದ’ ಎಂದು ಮಾಡಿದೆ. ಮಾಹಿತಿ ಅಳಿಸಿದ್ದೇವೆಂದು ಬರೆದುಕೊಡುವ ತನಕ ಬಿಡುಗಡೆ ಇಲ್ಲ.

ಸಹಿ ಹಾಕುವ ಮುಂಚೆ ಸಾಹುಕಾರರು ಅನುಬಂಧವನ್ನು ಮೇಲಿಂದ ಕೆಳಗೆ ಓದಿ, ಲಾರಿಯವರ ಸಾಲಿನಲ್ಲಿ ನಿಂತರು. ಪೆನ್ನು ತೆಗೆದು ‘ತೂಕ’ ಎಂಬುದನ್ನು ಹೊಡೆದು ಹಾಕಿದರು. ‘ಇವನು ನನ್ನ ಷಡ್ಡಕ. ಅವನಿಗೂ ಒಂದು ಮಂಡಿ ಇದೆ. ಲಾರಿ ಕಳಿಸ್ಲಿ, ಸಾಕು.’