ಹುಣಸೆಹುಳಿ ಮುಟ್ಟಿಸದೆ ಬೋಫೋರ್ಸ್ ತೋಟಾ ಉಳಿಸಿದ್ದು

“ಹೊಳಪೇ ಇಲ್ಲಲ್ರೀ ಸರ, ಇದನ್ನ ಯಾರ್ ಇಟ್ಕೋತಾರ?” ಅಂದವರ ಮುಂದೆಯೇ ನನ್ನ ಒಂಬತ್ತು ಖಾಲಿ 40 ಎಂಎಂ ಬೋಫೋರ್ಸ್ (ವಿಮಾನ ಹೊಡೆಯುವ ತೋಪು) ಹಿತ್ತಾಳೆ ತೋಟಾಗಳು ಎರಡು ಮಳೆಗಾಲ ದಾಟಿವೆ. ಹಸಿರು ಕಿಲುಬು ಮರಳಿಲ್ಲ, ಬಾಯಿ ಸೀಳಿಲ್ಲ. ಅವರ ಫಳಫಳ ತೋಟಾಗಳ ಗತಿ ಅವರನ್ನೇ ಕೇಳಿ.

ಬೀದರಿನ ವಿಮಾನ ನೆಲೆ ಈಗ ವಾಯುಪಡೆಯ ತರಬೇತಿ ಕೇಂದ್ರ, ಅಲ್ಲಿ ಲೋಹ ಹುಡುಕುವ ಡಿಟೆಕ್ಟರ್ ಹಿಡಿದು ಸುತ್ತುವ ಮಾತೇ ಇಲ್ಲ. ನನ್ನ ಮಾಲೆಲ್ಲ ಗುಜರಿಯದ್ದು. ತೂಕದ ಲೆಕ್ಕದಲ್ಲಿ ಒಂದಕ್ಕೆ ಐನೂರು ಆಗಬಹುದು, “1948ರ ಪೊಲೀಸ್ ಕಾರ್ಯಾಚರಣೆದ್ದು” ಎಂದು ಗುಜರಿಯವರು ಎರಡೂವರೆ ಸಾವಿರ ಹೇಳುತ್ತಾರೆ. ತಳ ತಿರುಗಿಸಿ ನೋಡಿ. ಕೆಎಫ್ ಅಂದರೆ ಪುಣೆಯ ಕಿರ್ಕಿ ಮದ್ದುಗುಂಡು ಕಾರ್ಖಾನೆ, ಪಕ್ಕದ ಇಸವಿ ತಯಾರಾದದ್ದು, ಹಾರಿಸಿದ್ದಲ್ಲ. ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಮೇಲೆ ಕುಳಿ ಇದ್ದ ಮಾತ್ರಕ್ಕೆ ಸಿಡಿದಿದೆ ಅಂತಲೂ ಅಲ್ಲ, ಠುಸ್ ಆದದ್ದಕ್ಕೂ ಕುಳಿ ಇರುತ್ತದೆ. ಗುಂಡು ಕೂತಿದ್ದರೆ, ಅದರ ತುದಿಯ ಸಿಡಿಸುವ ಫ್ಯೂಸ್ ಮೂತಿ ಕಂಡರೆ ಕೈ ಹಚ್ಚದೆ 112ಕ್ಕೆ ಫೋನ್ ಮಾಡಿ.

ಮೊದಲ ನಾಲ್ಕು ಹಾಳಾದವು. ಎರಡನ್ನು ರಾತ್ರಿಯಿಡೀ ಹುಣಸೆಹುಳಿಯಲ್ಲಿ ಬಿಟ್ಟೆ. ಸತು ಹೋಗಿ ತಾಮ್ರ ಗುಲಾಬಿಯಾಗಿ ಎದ್ದಿತು. ಇನ್ನೊಂದನ್ನು ಅಮೋನಿಯಾ ಇರುವ ಪಾಲಿಷಿನಿಂದ ತಿಕ್ಕಿದೆ, ತಿಂಗಳೊಳಗೆ ಬಾಯಂಚಿನಲ್ಲಿ ಕೂದಲೆಳೆ ಬಿರುಕು. ಎಳೆದು ಮಾಡಿದ ಹಿತ್ತಾಳೆಯೊಳಗೆ ಬಿಗಿತ ಉಳಿದಿರುತ್ತದೆ, ಅಮೋನಿಯಾ ತಾಗಿದರೆ ಅಲ್ಲೇ ಸೀಳುತ್ತದೆ. ಬ್ರಿಟಿಷರ ಕಾಲದಲ್ಲಿ ಮಳೆಗಾಲಕ್ಕೆ ಕುದುರೆ ಲಾಯದಲ್ಲಿಟ್ಟ ತೋಟಾಗಳು ಮೂತ್ರದ ಅಮೋನಿಯಾ ತಾಗಿ ಹೀಗೇ ಬಿರಿಯುತ್ತಿದ್ದವು, ಕಾರಣ ಗೊತ್ತಾದದ್ದು 1921ರಲ್ಲಿ. ಹಾಗಾಗಿ ದನದ ಕೊಟ್ಟಿಗೆಯ ಅಟ್ಟ ಬೇಡ. ನಾಲ್ಕನೆಯದಕ್ಕೆ ಬಿದ್ರಿಯವರ ಹಾಗೆ ಕೋಟೆ ಮಣ್ಣು, ನವಸಾಗರ ಹಚ್ಚಿದ್ದು ನನ್ನದೇ ಬುದ್ಧಿವಂತಿಕೆ. ಬಿದ್ರಿ ಲೋಹದಲ್ಲಿ ಹೆಚ್ಚಿನ ಪಾಲು ಸತು, ಅಲ್ಲಿ ಕಪ್ಪು ಬರುತ್ತದೆ. ನವಸಾಗರವೆಂದರೆ ಅಮೋನಿಯಂ ಕ್ಲೋರೈಡ್, ಹಿತ್ತಾಳೆಗೆ ವಿಷ.

ಈಗ ಮಾಡುವುದು ಇಷ್ಟು. ಮಣ್ಣನ್ನು ಬಿದಿರು ಕಡ್ಡಿಯಿಂದ ತೆಗೆದು, ಹತ್ತು ಲೀಟರ್ ಬ್ಯಾಟರಿ ನೀರಿಗೆ (ಡಿಸ್ಟಿಲ್ಡ್ ವಾಟರ್, ಆಮ್ಲವಲ್ಲ) ವಾಷಿಂಗ್ ಸೋಡಾ, ಅಡುಗೆ ಸೋಡಾ ಸೇರಿ ಅರ್ಧ ಕಿಲೋ ಹಾಕಿ ಮುಳುಗಿಸುತ್ತೇನೆ, ಕಿಲುಬು ಮರಳಿಸುವ ಕ್ಲೋರೈಡ್ ಹೊರಬರಲಿ ಎಂದು. ಬೋರ್‌ವೆಲ್ ನೀರಿನಲ್ಲೇ ಕ್ಲೋರೈಡ್ ಇರುತ್ತದೆ, ಬೇಡ. ವಾರಕ್ಕೊಮ್ಮೆ ದ್ರಾವಣ ಬದಲು, ಆರೇಳು ವಾರ. ಕ್ಲೋರೈಡ್ ಮುಗಿಯಿತೇ ಎಂದು ನೋಡಲು ಸಿಲ್ವರ್ ನೈಟ್ರೇಟ್, ಕ್ಲೋರೈಡ್ ಇದ್ದರೆ ಬೆಳ್ಳಗಾಗುತ್ತದೆ. ಇದರಲ್ಲಿ ಒಂದು ತಿಂಗಳು ಮೋಸ ಹೋದೆ: ಕ್ಲೋರೈಡ್ ಇಲ್ಲದಿದ್ದರೂ ಸೋಡಾ ಒಂದರಿಂದಲೇ ಬೆಳ್ಳಗಾಗುತ್ತದೆ. ಸ್ವಲ್ಪ ದ್ರಾವಣ ಬೇರೆ ತೆಗೆದು ಮೊದಲು ನೈಟ್ರಿಕ್ ಆಮ್ಲದ ಹನಿ ಹಾಕಿ, ಗುಳ್ಳೆ ನಿಂತ ಮೇಲೆ ಪರೀಕ್ಷಿಸಬೇಕು.

ಆಮೇಲೆ ತೊಳೆದು, ಪ್ರೈಮರ್ ಗುಂಡಿಯ ಒಳಗೂ ಆರುವವರೆಗೆ ನೆರಳಲ್ಲಿ ಬಿಟ್ಟು, ಲೀಟರ್ ಸ್ಪಿರಿಟ್‌ಗೆ 30 ಗ್ರಾಂ ಬೆಂಜೋಟ್ರಯಾಜೋಲ್ (ತಾಮ್ರ, ಹಿತ್ತಾಳೆಗೆ ಕಿಲುಬು ತಡೆಯುವ ರಾಸಾಯನಿಕ) ಕರಗಿಸಿ ಒಂದು ದಿನ ಅದರಲ್ಲಿ ಮುಳುಗಿಸಿಡುತ್ತೇನೆ. ವಿಷದ ಮಾಲು, ಕೈಗವಸು ಬಿಡಬೇಡಿ. ಬಿಳಿ ಹರಳು ಉಳಿದರೆ ಸ್ಪಿರಿಟ್ ಬಟ್ಟೆಯಿಂದ ಒರೆಸಿ ಮೇಣ. ಮೇಣದಲ್ಲಿ ಏನೇನು ಎಷ್ಟೆಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ. ಒಂದಕ್ಕೆ ಇನ್ನೂರೈವತ್ತು ಖರ್ಚು ಬಿದ್ದಿರಬಹುದು.

ನಾಲ್ಕು ತೋಟಾ ಹಿಡಿಯುವ ಉಕ್ಕಿನ ಕ್ಲಿಪ್‌ಗೆ ಜಾಲಿ ತೊಗಟೆಯ ಕಷಾಯ ಹಚ್ಚಿದ್ದೆ, ತುಕ್ಕು ಕಪ್ಪಾಗಿ ಗಟ್ಟಿ ಕೂತಿತು. ಮೂರು ಸಲ ಹಚ್ಚಬೇಕು, ಬಿಸಿ ಇದ್ದಾಗಲೇ. ತೋಟಾಗಳನ್ನು ಅದರಲ್ಲಿ ಕೂರಿಸುವಾಗ ನಡುವೆ ಮೇಣದ ಕಾಗದ ಇಟ್ಟಿದ್ದೇನೆ, ಹಿತ್ತಾಳೆ ತಾಗಿದಲ್ಲಿ ಉಕ್ಕು ಬೇಗ ತಿನ್ನಿಸಿಕೊಳ್ಳುತ್ತದೆ.